ಜೀವಕೋಶದ ಸಾರುವೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ವಿಜ್ಞಾನದ ವಿಷಯವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವು ನಾನು ಓದುತ್ತಿರುವ ವಿಷಯಗಳು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ವಿಜ್ಞಾನದ ಪುಸ್ತಕವನ್ನು ನಾನು ಬಿಚ್ಚಿದವನೇ ಅಲ್ಲ. ಆದರೆ ಮನೆಗೆ ಬಂದ ಒಂದು ಕಷ್ಟವು ನನ್ನನ್ನು ಈ ವಿಷಯದ ಬಾಗಿಲಿಗೆ ತಂದು ನಿಲ್ಲಿಸಿತು. ಬಲ್ಲವರಿಂದ ಕೇಳಿ, ಓದಿ, ನನಗೆ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಮ್ಮ ತಂದೆಯವರು ಗಾರೆ ಕೆಲಸದವರು. ಮಲೆನಾಡಿನ ಅಂಚಿನ ನಮ್ಮ ಊರಿನ ಸುತ್ತಮುತ್ತ ಅವರು ಗೋಡೆ ಎತ್ತದ ಹಳ್ಳಿಯಿಲ್ಲ. ರಜಾದಿನಗಳಲ್ಲಿ ಅವರೊಡನೆ ಹೋಗಿ ಸಾರುವೆ ಕಟ್ಟಲು ನಾನೂ ಕೈಕೊಟ್ಟಿದ್ದೇನೆ. ಬಿದಿರ ಗಳುಗಳನ್ನು ನಿಲ್ಲಿಸಿ, ಅಡ್ಡಗಳು ಬಿಗಿದು, ಹಲಗೆ ಹಾಸುವುದು. ಈ ಗೋಡೆಯ ಕೆಲಸ ಮುಗಿದೊಡನೆ ಹಗ್ಗ ಬಿಚ್ಚಿ ಅದೇ ಗಳುಗಳನ್ನು ಇನ್ನೊಂದು ಗೋಡೆಗೆ ಒಯ್ಯುವುದು. ‘ಕಟ್ಟೋದು ಯಾರಾದ್ರೂ ಕಟ್ತಾರೆ ಮಗಾ, ಹೊತ್ತಿಗೆ ಸರಿಯಾಗಿ ಬಿಚ್ಚೋನೇ ಮೇಸ್ತ್ರಿ’ ಎಂದು ಅವರು ಹೇಳುವುದುಂಟು. ಈ ಮಾತಿಗೂ ನಮ್ಮೆಲ್ಲರ ಮೈಯೊಳಗೆ ಸದಾ ನಡೆಯುತ್ತಿರುವ ಒಂದು ಕಾರ್ಯಕ್ಕೂ ನೇರವಾದ ಸಂಬಂಧವಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ನನ್ನ ತಮ್ಮನಿಗೆ ಜ್ವರ ಬಂದು ಬಿಡದಾಯಿತು. ಆಗ ಅವನಿಗೆ ಎಂಟು ವರ್ಷ. ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳೆದ್ದವು. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ರಕ್ತದ ಕ್ಯಾನ್ಸರ್ ಎಂದರು. ವಾರಕ್ಕೊಮ್ಮೆ ನರಕ್ಕೆ ಕೊಡುತ್ತಿದ್ದ ಒಂದು ಔಷಧದ ಹೆಸರು ವಿನ್‌ಕ್ರಿಸ್ಟಿನ್. ಅದನ್ನು ಕೊಡುತ್ತಿದ್ದ ನರ್ಸಮ್ಮ ಒಂದು ದಿನ, ಅಮ್ಮನ ಅಳು ನಿಲ್ಲಿಸಲೆಂದೋ ಏನೋ, ‘ಹೆದರಬೇಡಿ ಅಮ್ಮಾ, ಇದು ನಿಮ್ಮ ಮನೆ ಮುಂದಿನ ನಿತ್ಯಪುಷ್ಪದ ಗಿಡದಿಂದಲೇ ಬಂದ ಔಷಧಿ’ ಎಂದರು. ಅಮ್ಮ ಬೆರಗಾದಳು. ದಿನವೂ ಬೆಳಿಗ್ಗೆ ದೇವರ ಪಟಕ್ಕೆ ಅವಳು ಏರಿಸುತ್ತಿದ್ದುದು ಅದೇ ಹೂವು.

ಕೆಲವು ವಾರಗಳಲ್ಲಿ ಜ್ವರ ಇಳಿಯಿತು. ಆದರೆ ಹುಡುಗ ನಡೆಯುವಾಗ ಅವನ ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಕಳಚಿ ಬೀಳತೊಡಗಿತು. ಪಾದವನ್ನು ಎತ್ತಿಡದೆ ನೆಲಕ್ಕೆ ಒರೆಸಿಕೊಂಡು ನಡೆಯುತ್ತಿದ್ದ. ಮಲಗಿ ಮಲಗಿ ಸೋಮಾರಿತನ ಕಲಿತನೆಂದು ಬಗೆದು ನಾನು ಎರಡು ಮೂರು ಸಲ ಗದರಿದೆ. ‘ಕಾಲು ಎತ್ತಿ ನಡೆಯೋ’ ಎಂದೆ. ಅವನು ಬಾಯಿ ಬಿಡಲಿಲ್ಲ. ಒಂದು ದಿನ, ಕಾಲಬೆರಳುಗಳಲ್ಲಿ ಇರುವೆ ಹರಿದಂತಾಗುತ್ತದೆ, ಚಪ್ಪಲಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಅಮ್ಮನಿಗೆ ಹೇಳಿ ಅತ್ತ. ರಕ್ತದ ರೋಗಕ್ಕೆ ಕೊಟ್ಟ ಔಷಧಕ್ಕೂ ಕಾಲಿಗೂ ಏನು ಸಂಬಂಧ? ನನಗೆ ಪಾಠ ಹೇಳಿದ್ದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಲ್ಲಿಗೆ ಹೋಗಿ ಕೇಳಿದೆ. ಅವರು ಅಂದು ಸಂಜೆ ಹೇಳಲಾರಂಭಿಸಿದ್ದು ಮೂರು ಭಾನುವಾರಗಳವರೆಗೆ ಬೆಳೆಯಿತು. ಅದರ ಸಾರಾಂಶವೇ ಈ ಲೇಖನ.

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದಾದುದು ಎಂದು ನಾವೆಲ್ಲರೂ ಓದಿದ್ದೇವೆ. ಶಾಲೆಯ ಚಿತ್ರದಲ್ಲಿ ಜೀವಕೋಶವೆಂದರೆ ಒಂದು ಪೊರೆ, ಒಳಗೆ ಅಂಟಾದ ರಸ, ನಡುವೆ ಕೋಶಕೇಂದ್ರ. ನೀರು ತುಂಬಿದ ಚೀಲದಂತೆ! ಆದರೆ ನೀರಿನ ಚೀಲವು ನೆಲದ ಮೇಲಿಟ್ಟರೆ ಚಪ್ಪಟೆಯಾಗುತ್ತದೆ. ಜೀವಕೋಶವೋ, ಒಂದೊಂದು ಕಡೆ ಒಂದೊಂದು ಆಕಾರದಲ್ಲಿ ನಿಲ್ಲುತ್ತದೆ. ಚರ್ಮದಲ್ಲಿ ಹೆಂಚಿನಂತೆ, ಸ್ನಾಯುವಿನಲ್ಲಿ ಹುರಿಯಂತೆ, ನರದಲ್ಲಿ ಮೊಳಗಟ್ಟಲೆ ಉದ್ದದ ದಾರದಂತೆ. ಒಳಗೊಂದು ಆಸರೆಯಿಲ್ಲದೆ ಇದು ಸಾಧ್ಯವೇ? ರಷ್ಯದ ಕೋಲ್ತ್ಸೋವ್ ಎಂಬ ಪ್ರಾಣಿಶಾಸ್ತ್ರಜ್ಞರು ೧೯೦೩ರಲ್ಲಿಯೇ ಜೀವಕೋಶದೊಳಗೆ ನಾರುಗಳ ಆಸರೆ ಇರಬೇಕೆಂದು ಊಹಿಸಿದರು. ೧೯೩೧ರಲ್ಲಿ ಫ್ರಾನ್ಸಿನ ವಿಂಟ್ರೆಬರ್ ಎಂಬುವರು ಇದಕ್ಕೆ ‘ಕೋಶದ ಅಸ್ಥಿಪಂಜರ’ ಎಂಬ ಅರ್ಥದ ಹೆಸರಿಟ್ಟರು.

ಈ ಅಸ್ಥಿಪಂಜರದಲ್ಲಿ ಎಲುಬಿಲ್ಲ, ಸುಣ್ಣವಿಲ್ಲ. ಇರುವುದೆಲ್ಲವೂ ಪ್ರೋಟೀನು, ಹಳೆಯ ಪಠ್ಯಪುಸ್ತಕಗಳಲ್ಲಿ ಸಸಾರಜನಕವೆಂದು ಕರೆಯುತ್ತಿದ್ದುದು. ಅದರ ನಾರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಆಕ್ಟಿನ್ ಎಂಬ ಪ್ರೋಟೀನಿನ ತೆಳುನಾರುಗಳು ಕೋಶದ ಅಂಚಿಗೆ ಬಲ ಕೊಟ್ಟು ಅದರ ಚಲನೆಗೆ ನೆರವಾಗುತ್ತವೆ. ನಡುದಪ್ಪದ ನಾರುಗಳು ಎಳೆತವನ್ನು ತಾಳಿಕೊಳ್ಳುತ್ತವೆ. ನಮ್ಮ ಕೂದಲು, ಉಗುರುಗಳ ಕೆರಾಟಿನ್ ಈ ಜಾತಿಗೆ ಸೇರಿದ್ದು. ಮೂರನೆಯವು ಎಲ್ಲಕ್ಕೂ ದಪ್ಪನಾದ, ಬಿದಿರಿನಂತೆ ಒಳಗೆ ಪೊಳ್ಳಾದ ಸೂಕ್ಷ್ಮನಳಿಕೆಗಳು. ನನ್ನ ತಮ್ಮನ ಕಾಲಿನ ಕಥೆ ಈ ಮೂರನೆಯದರಲ್ಲಿ ಅಡಗಿದೆ.

ಸೂಕ್ಷ್ಮನಳಿಕೆಯನ್ನು ಕಟ್ಟುವ ಇಟ್ಟಿಗೆಯ ಹೆಸರು ಟ್ಯೂಬುಲಿನ್. ಆಲ್ಫಾ, ಬೀಟಾ ಎಂಬ ಎರಡು ಪ್ರೋಟೀನುಗಳು ಅವಳಿಜವಳಿಯಂತೆ ಅಂಟಿಕೊಂಡು ಒಂದು ಇಟ್ಟಿಗೆಯಾಗುತ್ತದೆ. ಅದರ ಉದ್ದ ೮ ನ್ಯಾನೋಮೀಟರ್. ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಟ್ಟಿಗೆಗಳು ತಲೆಗೆ ಬಾಲ ಜೋಡಿಸಿಕೊಂಡು ಒಂದು ಸಾಲಾಗುತ್ತವೆ. ಅಂಥ ಸಾಲುಗಳು, ಸಾಮಾನ್ಯವಾಗಿ ಹದಿಮೂರು, ಪಕ್ಕಪಕ್ಕದಲ್ಲಿ ನಿಂತು ದುಂಡಾದ ನಳಿಕೆಯಾಗುತ್ತದೆ. ನಳಿಕೆಯ ಅಗಲ ಸುಮಾರು ೨೫ ನ್ಯಾನೋಮೀಟರ್. ನಮ್ಮ ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಸಾವಿರಾರು ನಳಿಕೆಗಳನ್ನು ಸಾಲಾಗಿ ಜೋಡಿಸಬಹುದು. ಆದಕಾರಣ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಇವು ಬಿಡಿಬಿಡಿಯಾಗಿ ಕಾಣಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ, ಕೋಶವನ್ನು ಕೆಡದಂತೆ ಹದಗೊಳಿಸುವ ಹೊಸ ದ್ರಾವಣವೂ ದೊರೆತ ಮೇಲೆ, ೧೯೬೩ರಲ್ಲಿ ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಸಸ್ಯಕೋಶಗಳಲ್ಲಿ ಇವನ್ನು ಸ್ಪಷ್ಟವಾಗಿ ಕಂಡು ವರ್ಣಿಸಿದರು.

ಇಷ್ಟೇ ಆಗಿದ್ದರೆ ಇದು ಬರಿಯ ಕಂಬವೆನಿಸುತ್ತಿತ್ತು. ವಿಶೇಷವಿರುವುದು ಮುಂದೆ. ಈ ನಳಿಕೆಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಒಂದು ತುದಿಯಲ್ಲಿ ಇಟ್ಟಿಗೆಗಳು ಸೇರಿ ಸೇರಿ ನಳಿಕೆ ಬೆಳೆಯುತ್ತಿರುತ್ತದೆ, ಇದ್ದಕ್ಕಿದ್ದಂತೆ ಅದೇ ತುದಿಯಿಂದ ಸರ‍್ರನೆ ಕುಸಿಯುತ್ತದೆ, ಮತ್ತೆ ಬೆಳೆಯುತ್ತದೆ. ಪಕ್ಕದ ನಳಿಕೆ ಬೆಳೆಯುತ್ತಿರುವಾಗಲೇ ಇದು ಕುಸಿಯುತ್ತಿರಬಹುದು. ಈ ಸೋಜಿಗವನ್ನು ೧೯೮೪ರಲ್ಲಿ ಮಿಚಿಸನ್ ಮತ್ತು ಕಿರ್ಶ್ನರ್ ಎಂಬಿಬ್ಬರು ತೋರಿಸಿಕೊಟ್ಟರು.

ಕುಸಿಯುವುದೇಕೆ? ಪ್ರತಿಯೊಂದು ಇಟ್ಟಿಗೆಯೂ ಜಿ.ಟಿ.ಪಿ. ಎಂಬ ಚಿಕ್ಕ ಶಕ್ತಿಕಣವನ್ನು ಹಿಡಿದುಕೊಂಡು ಬಂದು ಸೇರುತ್ತದೆ. ಸೇರಿದ ಸ್ವಲ್ಪ ಹೊತ್ತಿಗೆ ಆ ಕಣದ ಶಕ್ತಿ ವೆಚ್ಚವಾಗುತ್ತದೆ. ಶಕ್ತಿ ಕಳೆದ ಇಟ್ಟಿಗೆಗೆ ನೆಟ್ಟಗೆ ನಿಲ್ಲುವ ಇಚ್ಛೆಯಿಲ್ಲ, ಹೊರಕ್ಕೆ ಬಾಗಲು ನೋಡುತ್ತದೆ. ಆದರೆ ತುದಿಯಲ್ಲಿ ಹೊಸದಾಗಿ ಬಂದು ಸೇರಿದ ಇಟ್ಟಿಗೆಗಳು ಬಿಗಿಯಾದ ಮೇಲುಕಟ್ಟಿನಂತೆ ಎಲ್ಲವನ್ನೂ ಹಿಡಿದಿರುತ್ತವೆ. ಹೊಸ ಇಟ್ಟಿಗೆ ಬರುವುದು ತಡವಾದರೆ ಮೇಲುಕಟ್ಟು ಸಡಿಲಿತು! ಸಾಲುಗಳು ಬಾಳೆಹಣ್ಣಿನ ಸಿಪ್ಪೆಯಂತೆ ಹೊರಕ್ಕೆ ಸುಲಿದುಕೊಂಡು ನಳಿಕೆ ಬಿಚ್ಚಿಹೋಗುತ್ತದೆ. ಬಿಚ್ಚಿದ ಇಟ್ಟಿಗೆಗಳು ಹಾಳಾಗುವುದಿಲ್ಲ. ಮತ್ತೆ ಶಕ್ತಿಕಣವನ್ನು ಹಿಡಿದುಕೊಂಡು ಬೇರೊಂದು ನಳಿಕೆಗೆ ಹೋಗಿ ಸೇರುತ್ತವೆ. ಅಪ್ಪನ ಬಿದಿರ ಗಳುಗಳಂತೆಯೇ ಸರಿ. ಆದ್ದರಿಂದ ಇದನ್ನು ಅಸ್ಥಿಪಂಜರ ಎನ್ನುವುದಕ್ಕಿಂತ ಸಾರುವೆ ಎನ್ನುವುದೇ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ.

ಹೀಗೆ ಕಟ್ಟಿ ಕೆಡವುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಜೀವಕೋಶವು ಎರಡಾಗುವ ಹೊತ್ತನ್ನು ನೋಡಿದರೆ ಇದು ತಿಳಿಯುತ್ತದೆ. ಆಗ ಕೋಶದ ಹಳೆಯ ಸಾರುವೆಯೆಲ್ಲ ಬಿಚ್ಚಿಹೋಗುತ್ತದೆ. ಅದೇ ಟ್ಯೂಬುಲಿನ್ನಿನಿಂದ ನೂಲುವ ಕದಿರಿನ ಆಕಾರದ ಹೊಸದೊಂದು ರಚನೆ ಏಳುತ್ತದೆ. ಅದರ ಎರಡು ತುದಿಗಳಿಂದ ಹೊರಟ ನಳಿಕೆಗಳು ಕತ್ತಲಲ್ಲಿ ತಡಕಾಡುವ ಕೈಗಳಂತೆ ಬೆಳೆದು, ಕುಸಿದು, ಮತ್ತೆ ಬೆಳೆದು, ವರ್ಣತಂತುಗಳನ್ನು ಹುಡುಕಿ ಹಿಡಿಯುತ್ತವೆ. ಪ್ರತಿಯೊಂದು ವರ್ಣತಂತುವಿನ ಜೋಡಿಯೂ ಎರಡೂ ಕಡೆಯಿಂದ ಸಿಕ್ಕಿತೆಂದಾದ ಮೇಲೆ ಜೋಡಿಗಳು ಬೇರೆಯಾಗಿ, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಎಳೆಯಲ್ಪಡುತ್ತವೆ. ಎಳೆಯುವಾಗ ನಳಿಕೆಗಳು ಬಿಚ್ಚುತ್ತ ಬಿಚ್ಚುತ್ತ ಗಿಡ್ಡವಾಗುತ್ತವೆ. ತಾಯಿಕೋಶದ ಆಸ್ತಿ ಮಕ್ಕಳಿಗೆ ಸಮಪಾಲಾಗುವುದು ಹೀಗೆ. ಬಿಚ್ಚಲಾರದ ಸಾರುವೆಯಿಂದ ಈ ಪಾಲು ನಡೆಯಲಾರದು.

ಇನ್ನು ಈ ಇಟ್ಟಿಗೆಯನ್ನು ಕಂಡುಹಿಡಿದ ಕಥೆ. ಗೌರಿಹಬ್ಬದ ಹೊತ್ತಿಗೆ ನಮ್ಮ ಕಡೆ ಬೇಲಿಗಳಲ್ಲಿ ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ ಎಸಳುಗಳ ಗೌರಿಹೂವು ಅರಳುವುದನ್ನು ಬಹುಮಂದಿ ಕಂಡಿರಬಹುದು. ಇದನ್ನು ಅಗ್ನಿಶಿಖೆ ಎಂದೂ, ಗಡ್ಡೆಯು ನೇಗಿಲಿನಂತಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂದೂ ಕರೆಯುತ್ತಾರೆ. ಹೂವನ್ನು ಪೂಜೆಗೆ ತಂದರೂ ಗಡ್ಡೆಯನ್ನು ಮುಟ್ಟಗೊಡದೆ ನಮ್ಮ ಅಜ್ಜಿ ಹೆದರಿಸುತ್ತಿದ್ದಳು. ಅದು ಘೋರ ವಿಷ. ಆ ವಿಷದ ಹೆಸರು ಕಾಲ್ಚಿಸಿನ್. ಯೂರೋಪಿನ ಕಾಲ್ಚಿಕಮ್ ಎಂಬ ಗಿಡದಲ್ಲಿಯೂ ಇದೇ ಇದೆ. ಅತ್ಯಲ್ಪ ಪ್ರಮಾಣದಲ್ಲಿ ವೈದ್ಯರು ಇದನ್ನು ಕೀಲುವಾತಕ್ಕೆ ಕೊಡುವುದುಂಟು. ಇದು ಸೋಕಿದ ಕೋಶಗಳು ಎರಡಾಗಲಾರದೆ ನಡುದಾರಿಯಲ್ಲಿ ನಿಂತುಬಿಡುತ್ತವೆ ಎಂಬುದು ಬಹುಕಾಲದಿಂದ ತಿಳಿದಿತ್ತು, ಏಕೆಂಬುದು ತಿಳಿದಿರಲಿಲ್ಲ.

ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬೋರಿಸಿ ಮತ್ತು ಟೇಲರ್ ಎಂಬುವರು ಕಾಲ್ಚಿಸಿನ್ನಿಗೆ ವಿಕಿರಣದ ಗುರುತು ಹಚ್ಚಿ, ಅದು ಕೋಶದಲ್ಲಿ ಯಾವುದಕ್ಕೆ ಅಂಟಿಕೊಳ್ಳುವುದೆಂದು ಬೆನ್ನಟ್ಟಿದರು. ೧೯೬೭ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ವಿಷವು ಒಂದೇ ಒಂದು ಬಗೆಯ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಅದೇ ಸೂಕ್ಷ್ಮನಳಿಕೆಯ ಇಟ್ಟಿಗೆ. ಮರುವರ್ಷ, ಅಂದರೆ ೧೯೬೮ರಲ್ಲಿ, ಜಪಾನಿನ ಮೋಹ್ರಿಯವರು ಅದಕ್ಕೆ ಟ್ಯೂಬುಲಿನ್ ಎಂದು ಹೆಸರಿಟ್ಟರು. ಈ ಪ್ರಯೋಗದಲ್ಲಿ ಒಂದು ಒಗಟೂ ಇತ್ತು. ಎರಡಾಗುತ್ತಿರುವ ಕೋಶಗಳಲ್ಲಿ ಮಾತ್ರವಲ್ಲ, ಮಿದುಳಿನ ಅಂಶದಲ್ಲಿಯೂ ಆ ಪ್ರೋಟೀನು ಹೇರಳವಾಗಿ ಸಿಕ್ಕಿತು. ಬೆಳೆದ ನರಕೋಶಗಳು ಎರಡಾಗುವುದೇ ಇಲ್ಲವಲ್ಲ! ಹಾಗಾದರೆ ಅಲ್ಲಿ ಇದಕ್ಕೇನು ಕೆಲಸ? ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮೇಷ್ಟ್ರು ಇದನ್ನು ಹೇಳಿದಾಗ ನನಗೆ ತಮ್ಮನ ಕಾಲು ನೆನಪಾಯಿತು.

ನಿತ್ಯಪುಷ್ಪದ ಕಥೆಯೂ ಹೀಗೆಯೇ ಅನಿರೀಕ್ಷಿತವಾದುದು. ಇದು ಮೂಲತಃ ಮಡಗಾಸ್ಕರ್ ದ್ವೀಪದ ಗಿಡ. ಈಗ ಲೋಕವೆಲ್ಲ ಹಬ್ಬಿದೆ. ೧೯೫೨ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಗೆ ಅವರ ಅಣ್ಣನ ಮೂಲಕ ಜಮೈಕಾದಿಂದ ಇದರ ಎಲೆಗಳು ಬಂದವು. ಅಲ್ಲಿನ ಜನ ಇದನ್ನು ಸಿಹಿಮೂತ್ರ ರೋಗಕ್ಕೆ ಕಷಾಯ ಮಾಡಿ ಕುಡಿಯುತ್ತಿದ್ದರು. ನೋಬಲ್ ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆಯಂಶ ಇಳಿಯಲಿಲ್ಲ. ಆದರೆ ಸಾರವನ್ನು ಚುಚ್ಚಿದ ಇಲಿಗಳಲ್ಲಿ ಬಿಳಿಯ ರಕ್ತಕಣಗಳು ಬಹಳವಾಗಿ ಕುಗ್ಗಿದ್ದುವು. ಹುಡುಕಿದ್ದು ಸಿಗಲಿಲ್ಲವೆಂದು ಅವರು ಎಲೆಗಳನ್ನು ಎಸೆದುಬಿಡಬಹುದಾಗಿತ್ತು. ಹಾಗೆ ಮಾಡದೆ, ಬಿಳಿಕಣಗಳು ಮಿತಿಮೀರಿ ಹೆಚ್ಚುವ ರೋಗಕ್ಕೆ ಇದು ಒದಗೀತೇ ಎಂದು ಯೋಚಿಸಿದರು. ಚಾರ್ಲ್ಸ್ ಬೀರ್ ಎಂಬುವರೊಡನೆ ದುಡಿದು ೧೯೫೮ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ಗಿಡದ ಇನ್ನೊಂದು ವಸ್ತುವಾದ ವಿನ್‌ಕ್ರಿಸ್ಟಿನ್‌ಗೆ ೧೯೬೩ರಲ್ಲಿ ಅಮೆರಿಕದಲ್ಲಿ ಔಷಧವೆಂದು ಅನುಮತಿ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆಯಲ್ಲಿ ಇಂದಿಗೂ ಇದನ್ನು ಕೊಡುತ್ತಾರೆ.

ವಿನ್‌ಕ್ರಿಸ್ಟಿನ್ ಮಾಡುವ ಕೆಲಸವಿಷ್ಟೇ: ಟ್ಯೂಬುಲಿನ್ ಇಟ್ಟಿಗೆಗೆ ಅಂಟಿಕೊಂಡು ಅದು ನಳಿಕೆಗೆ ಸರಿಯಾಗಿ ಸೇರದಂತೆ ತಡೆಯುವುದು. ಕದಿರು ಏಳುವುದಿಲ್ಲ, ವರ್ಣತಂತುಗಳು ಪಾಲಾಗುವುದಿಲ್ಲ, ಕೋಶವು ನಡುದಾರಿಯಲ್ಲಿ ಸಿಕ್ಕಿ ಸಾಯುತ್ತದೆ. ಹದ್ದುಮೀರಿ ಎರಡಾಗುತ್ತಿರುವ ರೋಗದ ಕೋಶಗಳಿಗೆ ಇದರ ಪೆಟ್ಟು ಹೆಚ್ಚು. ಆದರೆ ಔಷಧಕ್ಕೆ ಕಳ್ಳನಾರು ಸಾಧುವಾರು ಎಂಬ ವಿವೇಕವಿಲ್ಲ. ಕೂದಲಿನ ಬುಡದಲ್ಲಿರುವ ಕೋಶಗಳೂ ಬೇಗಬೇಗ ಎರಡಾಗುವಂಥವು. ಆದ್ದರಿಂದ ಇಂಥ ಚಿಕಿತ್ಸೆಯಲ್ಲಿ ಕೂದಲು ಉದುರುತ್ತದೆ. ತಮ್ಮನ ತಲೆಯೂ ಬೋಳಾಯಿತು. ಇದನ್ನು ವೈದ್ಯರು ಮೊದಲೇ ಹೇಳಿದ್ದರು, ಮನಸ್ಸು ಗಟ್ಟಿಮಾಡಿಕೊಂಡಿದ್ದೆವು. ಕಾಲಿನ ವಿಷಯವನ್ನೂ ಹೇಳಿದ್ದರೋ ಏನೋ; ಹೇಳಿದ್ದರೂ ಆ ಮೊದಲ ದಿನದ ಗಾಬರಿಯಲ್ಲಿ ಅದು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಈಗ ಮಿದುಳಿನ ಒಗಟಿಗೆ ಬರೋಣ. ಕಾಲ್ಬೆರಳಿನವರೆಗೆ ಹೋಗುವ ನರತಂತುವಿನ ಕೋಶಕೇಂದ್ರವು ಬೆನ್ನುಮೂಳೆಯ ಬಳಿ ಇರುತ್ತದೆ. ಬೆಳೆದವರಲ್ಲಿ ಅಲ್ಲಿಂದ ಕಾಲ್ಬೆರಳಿಗೆ ಹತ್ತಿರಹತ್ತಿರ ಒಂದು ಮೀಟರ್ ದೂರ. ತಂತುವಿನ ತುದಿಗೆ ಬೇಕಾದ ಬಹುತೇಕ ಪ್ರೋಟೀನುಗಳು ತಯಾರಾಗುವುದು ಬೆನ್ನಿನ ಬಳಿಯಲ್ಲಿ. ಒಂದು ಮೀಟರ್ ದೂರಕ್ಕೆ ಅವು ತಾವಾಗಿ ತೇಲಿಕೊಂಡು ಹೋಗಲಾರವು. ರಸ್ತೆ ಬೇಕು, ಹಮಾಲಿ ಬೇಕು. ಆ ರಸ್ತೆಯೇ ಸೂಕ್ಷ್ಮನಳಿಕೆಗಳು. ಕೋಶ ಎರಡಾಗುವಾಗ ಕದಿರಾಗುವ ಟ್ಯೂಬುಲಿನ್, ನರದಲ್ಲಿ ಉದ್ದಕ್ಕೂ ಹಾಸಿದ ದಾರಿಯಾಗಿದೆ.

ಆ ದಾರಿಯ ಹಮಾಲಿಗಳು ಎರಡು ಬಗೆಯ ಪ್ರೋಟೀನುಗಳು. ಸಾಮಾನ್ಯವಾಗಿ ಬೆನ್ನಿನಿಂದ ತುದಿಯ ಕಡೆಗೆ ಹೊರೆ ಹೊರುವುದು ಕೈನೆಸಿನ್. ಸಮುದ್ರದ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ನರತಂತುವನ್ನು ಪರೀಕ್ಷಿಸುತ್ತ ವೇಲ್, ರೀಸ್, ಶೀಟ್ಸ್ ಎಂಬುವರು ೧೯೮೫ರಲ್ಲಿ ಇದನ್ನು ಪತ್ತೆಹಚ್ಚಿದರು. ತುದಿಯಿಂದ ಹಿಂದಕ್ಕೆ ಹೊರುವುದು ಡೈನೀನ್. ಕೈನೆಸಿನ್‌ಗೆ ಎರಡು ಪಾದಗಳಂಥ ಭಾಗಗಳಿವೆ. ಒಂದರ ಮುಂದೊಂದನ್ನು ಇಟ್ಟು ನಳಿಕೆಯ ಮೇಲೆ ನಡೆಯುತ್ತದೆ. ಅದರ ಒಂದೊಂದು ಹೆಜ್ಜೆಯೂ ೮ ನ್ಯಾನೋಮೀಟರ್. ಸರಿಯಾಗಿ ಒಂದು ಇಟ್ಟಿಗೆಯ ಉದ್ದ! ಹೀಗೆ ನಡೆದು ನಡೆದು ವೇಗದ ಸರಕುಗಳು ದಿನಕ್ಕೆ ೨೦೦ರಿಂದ ೪೦೦ ಮಿಲಿಮೀಟರ್ ಸಾಗುತ್ತವೆ. ಬೆನ್ನಿನಿಂದ ಹೆಬ್ಬೆರಳಿಗೆ ಮೂರರಿಂದ ಐದು ದಿನಗಳ ಪ್ರಯಾಣ. ನಾವು ಕುಳಿತಿದ್ದರೂ ಮಲಗಿದ್ದರೂ ಈ ನಡಿಗೆ ನಿಲ್ಲುವುದಿಲ್ಲ.

ವಿನ್‌ಕ್ರಿಸ್ಟಿನ್ ಈ ರಸ್ತೆಯನ್ನೂ ಕೆಡಿಸುತ್ತದೆ. ಎಲ್ಲಕ್ಕಿಂತ ಉದ್ದವಾದ ರಸ್ತೆಗೆ ಎಲ್ಲಕ್ಕಿಂತ ಮೊದಲು ತೊಂದರೆ. ಆದ್ದರಿಂದ ಜುಮುಗುಟ್ಟುವುದು ಮೊದಲು ಕಾಲ್ಬೆರಳು, ಕೈಬೆರಳುಗಳ ತುದಿಗಳಲ್ಲಿ. ಪಾದವನ್ನು ಮೇಲೆತ್ತುವ ಸ್ನಾಯುವಿಗೆ ನರದ ಅಪ್ಪಣೆ ಸರಿಯಾಗಿ ಮುಟ್ಟದೆ ಪಾದ ಜೋತುಬೀಳುತ್ತದೆ. ಚಪ್ಪಲಿ ಕಳಚುವುದು ಅದಕ್ಕೇ. ಕರುಳಿನ ನರಗಳಿಗೂ ಇದು ತಗಲುವುದರಿಂದ ಮಲಬದ್ಧತೆಯೂ ಆಗುತ್ತದೆ. ಇವೆಲ್ಲ ತಮ್ಮನಲ್ಲಿ ಇದ್ದುವು. ಸೋಮಾರಿತನವೊಂದು ಮಾತ್ರ ಇರಲಿಲ್ಲ. ಮೇಷ್ಟ್ರ ಮನೆಯಿಂದ ಅಂದು ಹಿಂದಿರುಗುವಾಗ ನಾನು ಗದರಿದ ಮಾತುಗಳು ದಾರಿಯುದ್ದಕ್ಕೂ ನನ್ನನ್ನು ಚುಚ್ಚಿದುವು.

ಬಿಚ್ಚುವುದೇ ಕೇಡು, ಹಾಗಾದರೆ ಗಟ್ಟಿಯಾಗಿ ಕಟ್ಟಿಬಿಟ್ಟರೆ ಒಳ್ಳೆಯದಲ್ಲವೇ ಎಂದು ನಾನು ಮೇಷ್ಟ್ರನ್ನು ಕೇಳಿದ್ದೆ. ಅದಕ್ಕೆ ಅವರು ಟ್ಯಾಕ್ಸಾಲ್ ಎಂಬ ಔಷಧದ ವಿಷಯ ಹೇಳಿದರು. ಇದು ಅಮೆರಿಕದ ಪಶ್ಚಿಮ ತೀರದ ಯೂ ಎಂಬ ಮರದ ತೊಗಟೆಯಲ್ಲಿ ದೊರೆತದ್ದು. ಇದೂ ಕ್ಯಾನ್ಸರಿನ ಔಷಧವೇ. ಆದರೆ ಇದು ನಳಿಕೆಗಳನ್ನು ಬಿಚ್ಚದಂತೆ ಬಿಗಿದು ಹಿಡಿಯುತ್ತದೆಂದು ೧೯೭೯ರಲ್ಲಿ ಸೂಸನ್ ಹಾರ್ವಿಟ್ಸ್ ಎಂಬ ವಿಜ್ಞಾನಿ ತೋರಿಸಿದರು. ಕಟ್ಟಗೊಡದ ವಿನ್‌ಕ್ರಿಸ್ಟಿನ್ನಿನಿಂದಲೂ ಕೋಶ ಸಾಯುತ್ತದೆ, ಬಿಚ್ಚಗೊಡದ ಟ್ಯಾಕ್ಸಾಲಿನಿಂದಲೂ ಸಾಯುತ್ತದೆ. ಎರಡರಲ್ಲಿಯೂ ಬೆರಳುಗಳು ಜುಮುಗುಟ್ಟುತ್ತವೆ. ಜೀವವಿರುವುದು ಬರಿಯ ಇಟ್ಟಿಗೆಯಲ್ಲಿ ಅಲ್ಲ. ಹೊತ್ತಿಗೆ ಸರಿಯಾಗಿ ಕಟ್ಟಿ, ಹೊತ್ತಿಗೆ ಸರಿಯಾಗಿ ಬಿಚ್ಚುವುದರಲ್ಲಿ. ಇದನ್ನು ಅಪ್ಪನಿಗೆ ಹೇಳಿದಾಗ ಅವರು, ‘ಅದಕ್ಕೆ ಇಷ್ಟು ಓದಬೇಕಾಯ್ತೇನೋ’ ಎಂದು ನಕ್ಕರು. ಆಸ್ಪತ್ರೆಗೆ ಸೇರಿದಂದಿನಿಂದ ಅವರು ನಕ್ಕದ್ದು ಅದೇ ಮೊದಲು.

ಮುಂದಿನ ವಾರ ಆಸ್ಪತ್ರೆಯಲ್ಲಿ ನಾನು ವೈದ್ಯರಿಗೆ ಚಪ್ಪಲಿಯ ವಿಷಯ ಹೇಳಿದೆ. ಅಪ್ಪ ನನ್ನ ಅಂಗಿಯನ್ನು ಹಿಂದಿನಿಂದ ಜಗ್ಗಿದರು. ಡಾಕ್ಟರ ಮುಂದೆ ನಾವಾಗಿ ಮಾತೆತ್ತುವುದು ಉದ್ಧಟತನವೆಂದು ಅವರ ಎಣಿಕೆ. ವೈದ್ಯರು ಬೇಸರಪಡಲಿಲ್ಲ. ತಮ್ಮನನ್ನು ಹಿಮ್ಮಡಿಯ ಮೇಲೆ ನಡೆಯುವಂತೆ ಹೇಳಿದರು, ಅವನಿಂದ ಆಗಲಿಲ್ಲ. ಹೇಳಿದ್ದು ಒಳ್ಳೆಯದಾಯಿತೆಂದು ಹೇಳಿ, ಆ ಔಷಧದ ಪ್ರಮಾಣವನ್ನು ಇಳಿಸಿದರು. ಪಾದಕ್ಕೆ ಆಸರೆಯ ಪಟ್ಟಿಯನ್ನೂ ವ್ಯಾಯಾಮವನ್ನೂ ಸೂಚಿಸಿದರು. ಚಿಕಿತ್ಸೆಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಬಾರದೆಂಬುದನ್ನೂ ಬಿಡಿಸಿ ಹೇಳಿದರು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಔಷಧ ನಿತ್ಯಪುಷ್ಪದ್ದೆಂದು ಕೇಳಿ ನೆರೆಯವರೊಬ್ಬರು, ಆಸ್ಪತ್ರೆಗೆ ಅಲೆಯುವುದೇಕೆ, ಮನೆಯಲ್ಲಿಯೇ ಎಲೆಯ ಕಷಾಯ ಕೊಡಿ ಎಂದರು. ಅವರ ಉದ್ದೇಶ ಒಳ್ಳೆಯದೇ. ಆದರೆ ರಾಶಿ ರಾಶಿ ಎಲೆಯಲ್ಲಿ ವಿನ್‌ಕ್ರಿಸ್ಟಿನ್ ಇರುವುದು ಅತ್ಯಲ್ಪ. ಅದರ ಜೊತೆಗೆ ಬೇರೆ ಹತ್ತಾರು ವಸ್ತುಗಳಿವೆ, ಅವುಗಳಲ್ಲಿ ವಿಷಗಳೂ ಉಂಟು. ಶುದ್ಧಗೊಳಿಸಿ, ಮಗುವಿನ ಅಳತೆಗೆ ತಕ್ಕಂತೆ ತೂಗಿ ಕೊಟ್ಟಾಗಲೇ ಕಾಲು ಜೋತುಬಿದ್ದಿತು. ಅಳತೆಯಿಲ್ಲದ ಕಷಾಯದಿಂದ ರೋಗವೂ ಹೋಗುವುದಿಲ್ಲ, ಜೀವಕ್ಕೂ ಅಪಾಯ. ಗೌರಿಹೂವಿನ ಗಡ್ಡೆಯಂತೂ ಮುಟ್ಟತಕ್ಕದ್ದಲ್ಲ.

ಎರಡೂವರೆ ವರ್ಷಗಳ ಚಿಕಿತ್ಸೆ ಮುಗಿದು ತಮ್ಮ ಈಗ ಆರನೆಯ ತರಗತಿಯಲ್ಲಿದ್ದಾನೆ. ಪರೀಕ್ಷೆಗೆಂದು ಆಗಾಗ್ಗೆ ಆಸ್ಪತ್ರೆಗೆ ಹೋಗಿಬರುತ್ತೇವೆ. ನರದ ರಸ್ತೆಗಳು ನಿಧಾನವಾಗಿ ರಿಪೇರಿಯಾದುವು. ಚಪ್ಪಲಿ ಕಾಲಿನಲ್ಲಿ ನಿಲ್ಲಲು ಹಲವು ತಿಂಗಳು ಹಿಡಿಯಿತು.

ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಗೆಳೆಯ ಗೆಳತಿಯರು ಇಲ್ಲಿ ಬಹುಮಂದಿ ಇದ್ದಾರೆ. ನಾವು ಓದುವ ವಿಷಯ ಯಾವುದೇ ಇರಲಿ, ಔಷಧದ ಚೀಟಿಯನ್ನು ಮನೆಯವರು ಓದಲು ಕೊಡುವುದು ನಮ್ಮ ಕೈಗೆ. ತಿಳಿಯದಿದ್ದರೆ ತಿಳಿದವರನ್ನು ಕೇಳೋಣ, ತಿಳಿದುದನ್ನು ಮನೆಯವರ ಮಾತಿನಲ್ಲಿ ಹೇಳೋಣ. ವೈದ್ಯರ ಮುಂದೆ ಕಂಡದ್ದನ್ನು ಹೇಳುವುದು ಉದ್ಧಟತನವಲ್ಲ.